ವಿಮಾನದೊಳಗೆ ಓಡಬಾರದು

ಕಳೆದ ವರ್ಷ ನಾನು ದೇಶದೊಳಗೆ ಹಾರುವ ಒಂದು ವಿಮಾನ ಸಂಸ್ಥೆಯಲ್ಲಿ ಲೀಡ್ ಕ್ಯಾಬಿನ್ ಕ್ರೂ ಆಗಿದ್ದೆ. ಅಂದರೆ ಪ್ರಯಾಣಿಕರನ್ನು ನೋಡಿಕೊಳ್ಳುವ ನಾಲ್ವರಲ್ಲಿ ಹಿರಿಯಳು. ಅವ್ವ ತೀರಿಕೊಂಡು ತಿಂಗಳು ತುಂಬುವ ಮೊದಲೇ ಕೆಲಸಕ್ಕೆ ಮರಳಿದೆ. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ.

ಅವ್ವನ ಮಣ್ಣಿನ ದಿನದ್ದನ್ನು ಮೊದಲು ಹೇಳಬೇಕು. ನಮ್ಮೂರು ದುದ್ದದಲ್ಲಿ ನಮ್ಮವರ ಪೈಕಿ ತಾಯಿ ಸತ್ತರೆ ಮಗಳು ಬೀದಿಯ ತಿರುವಿನಿಂದಲೇ ಕೂಗಿಕೊಂಡು ಓಡಿ ಬರಬೇಕು. ನಾನು ಕಾರಿಳಿದು ನಡೆದು ಹೋದೆ. ಹನ್ನೆರಡು ವರ್ಷ ವಿಮಾನದ ಕೆಲಸ ಈ ಕಾಲುಗಳಿಗೆ ಕಲಿಸಿದ್ದು ಅದನ್ನೇ. ಅವ್ವನ ಅಕ್ಕ, ನನ್ನ ದೊಡ್ಡವ್ವ, ಜಗಲಿಯ ಮೇಲಿಂದ ಎಲ್ಲರಿಗೂ ಕೇಳುವಂತೆ ಹೇಳಿದಳು:

“ನೋಡ್ರವ್ವ, ಇಮಾನ್ದೋಳು ಬಂದ್ಲು. ಎತ್ತವ್ವ ಸತ್ತವ್ಳೆ ಅಂದ್ರೂವೆ ಕಾಪಿ ಕೊಡಕ್ಕೆ ಬಂದಂಗೆ ಬತ್ತಾವ್ಳೆ.”

ಮಣ್ಣು ಹಾಕುವಾಗ ನನ್ನನ್ನು ಕೊನೆಗೆ ಕರೆದರು.

ಕೆಲಸಕ್ಕೆ ಮರಳಿದ ಮೇಲೆ ಒಂದು ಮಧ್ಯಾಹ್ನ ನಾವು ದೆಹಲಿಯಿಂದ ಬೆಂಗಳೂರಿಗೆ ಹಾರುತ್ತಿದ್ದೆವು. ನಡುವಿನ ಒಂದು ಸೀಟಿನ ಕೆಳಗಿದ್ದ ಬ್ಯಾಗಿನಿಂದ ಹೊಗೆ ಎದ್ದಿತು. ಒಳಗಿದ್ದ ಪವರ್ ಬ್ಯಾಂಕ್ ಕಾದು ಹೊತ್ತಿಕೊಂಡಿತ್ತು. ಇಂಥ ಬ್ಯಾಟರಿಯ ಉರಿಯನ್ನು ಮೊದಲು ಎಕ್ಸ್‌ಟಿಂಗ್ವಿಷರ್‌ನಿಂದ ಅಡಗಿಸಿ, ಆಮೇಲೆ ನೀರು ಸುರಿದು ತಣಿಸಬೇಕು. ಬೇಗ ನಡೆಯಬೇಕು, ಓಡಬಾರದು. ಕ್ರೂ ಓಡಿದ್ದನ್ನು ಕಂಡರೆ ಪ್ರಯಾಣಿಕರೆಲ್ಲ ಎದ್ದು ಒಂದೇ ಕಡೆ ನುಗ್ಗುತ್ತಾರೆ. ಆಗ ಬೆಂಕಿಯ ಹತ್ತಿರ ಹೋಗಲು ದಾರಿಯೇ ಇರುವುದಿಲ್ಲ.

ಸಹೋದ್ಯೋಗಿಯೊಬ್ಬಳು ಇಂಟರ್‌ಫೋನ್‌ನಲ್ಲಿ ಕ್ಯಾಪ್ಟನ್‌ಗೆ ಸುದ್ದಿ ಕೊಟ್ಟಳು. ನಾನು ಎಕ್ಸ್‌ಟಿಂಗ್ವಿಷರ್ ತೆಗೆದುಕೊಂಡು ಮುಂದಿನಿಂದ ಹೊರಟೆ. ಆಗಲೇ ಜನ ಎದ್ದು ನಿಂತಿದ್ದರು. ಕೆಲವರು ಬೈಯುತ್ತಿದ್ದರು, ಕೆಲವರು ಮೊಬೈಲ್ ಎತ್ತಿ ನನ್ನನ್ನು ಚಿತ್ರೀಕರಿಸುತ್ತಿದ್ದರು. ಬಿಳಿ ಅಂಗಿಯ ಒಬ್ಬ ದಪ್ಪ ಮನುಷ್ಯ ದಾರಿಗೆ ಅಡ್ಡ ಬಂದು ಕೂಗಿದ. ನಮ್ಮ ಕಡೆಯವನೆಂದು ಮೊದಲ ಮಾತಿಗೇ ತಿಳಿಯಿತು.

“ಓಡಮ್ಮಾ! ಏನು, ಎಣದ್ ಮುಂದೆ ಓಗೋಳಂಗೆ ಓಯ್ತಿದ್ದೀಯಲ್ಲ!”

ಒಂದು ಗಳಿಗೆ ನನ್ನ ಕಾಲು ನಿಂತಿತು. ಹೆಣದ ಮುಂದೆ ಹೀಗೇ ನಡೆದದ್ದಕ್ಕೆ ತಾನೇ ಅವತ್ತು ಬೈಸಿಕೊಂಡದ್ದು? ನನ್ನ ಬಾಯಿಂದ ಬಂದ ಮಾತು ತರಬೇತಿಯದ್ದಲ್ಲ, ದುದ್ದದ್ದು:

“ಕೂತ್ಕಳಣ್ಣ. ನಾ ಓಡುದ್ರೆ ಇವ್ರೆಲ್ಲಾ ಎದ್ದು ಓಡ್ತಾರೆ. ಓಡಿ ಎಲ್ಲಿಗೋಯ್ತಾರೆ, ಮದ್ದೂರ್ ಬಸ್‌ಸ್ಟ್ಯಾಂಡ್‌ಗಾ?”

ಅವನು ಕೂತ. ಅವನನ್ನು ನೋಡಿ ಹಿಂದಿನವರೂ ಕೂತರು. ದಾರಿ ಬಿಟ್ಟಿತು. ಉರಿ ಅಡಗಿಸಿದೆವು, ಬಾಟಲಿಗಟ್ಟಲೆ ನೀರು ಸುರಿದೆವು. ಸೀಟಿನ ಅಂಚು ಸುಟ್ಟಿತ್ತು, ಅಷ್ಟೆ. ಯಾರಿಗೂ ಏನೂ ಆಗಲಿಲ್ಲ.

ಇಳಿಯುವಾಗ ಅವನು ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನಮ್ ಕಡೇಳಾಗಿ ನನ್ನೇ ಗದರ್ತೀಯಾ? ಕಂಪ್ಲೇಂಟ್ ಕೊಟ್ಟೇ ಕೊಡ್ತೀನಿ ಕಣಮ್ಮ.”

“ಕೊಡಣ್ಣ. ಮೆಟ್ಲು ನೋಡ್ಕಂಡು ಇಳಿ.”

ಕೊಟ್ಟ. ಕ್ರೂ ಒರಟಾಗಿ ಮಾತಾಡಿದರು ಎಂದು ದೂರು. ನಿಧಾನದ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಕಚೇರಿಯಲ್ಲಿ ಬೆಂಕಿಗಿಂತ ನನ್ನ ದನಿಯ ಬಗ್ಗೆಯೇ ಹೆಚ್ಚು ಹೊತ್ತು ಕೇಳಿದರು.

ಅವತ್ತು ವಿಮಾನ ಖಾಲಿಯಾದ ಮೇಲೆ ಕ್ರೂ ಸೀಟಿನಲ್ಲಿ ಕೂತು ಬೆಂಕಿಯ ವರದಿ ಬರೆದೆ. ನಡೆಯುವಾಗ ಒಳಗೆ ಹೆದರಿಕೆ ಇದ್ದೇ ಇತ್ತು. ಈ ಕೆಲಸ ಕಲಿಸಿದ್ದು ಇಷ್ಟು: ಆ ನಡಿಗೆ ನನ್ನ ಮನಸ್ಸಿನದ್ದಲ್ಲ, ನನ್ನನ್ನು ನೋಡುತ್ತಾ ಕೂತವರಿಗಾಗಿ ಇರುವಂಥದ್ದು. ಅವ್ವನ ಅಂಗಳದಲ್ಲಿ ಅದನ್ನು ಕಳಚಿಡಲು ನನಗೆ ಗೊತ್ತಾಗಲಿಲ್ಲ.

ಮುಂದಿನ ರಜೆಗೆ ಊರಿಗೆ ಹೋದೆ. ಅವ್ವನನ್ನು ಮಣ್ಣು ಮಾಡಿದ್ದು ನಮ್ಮ ಗದ್ದೆಯ ಮೂಲೆಯಲ್ಲೇ. ಸುತ್ತ ಯಾರೂ ಕಾಣಲಿಲ್ಲ. ಚಪ್ಪಲಿ ಬಿಟ್ಟು ಬದುವಿನ ಮೇಲೆ ಓಡಿದೆ, ಅವ್ವಾ ಎಂದು ಕೂಗಿಕೊಂಡು.

ಕಬ್ಬಿನ ಮರೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ದೊಡ್ಡವ್ವ ಕುಡುಗೋಲು ಹಿಡಿದೇ ಎದ್ದು ನಿಂತಳು.

“ಈಗ್ಯಾಕೆ ಓಡೀಯೆ, ಬುಡೇ. ಅವ್ಳೇನು ಎದ್ದೋಯ್ತಾಳಾ?”

ನಾನು ನಿಲ್ಲಲಿಲ್ಲ.