ಮನೂಕದ ಶೆಡ್ಡಿನ ಮೇಲೆ ರಾಟೆ

"ಟೀಚರ್, ಒಂದು ಒಳ್ಳೆ ಕಾಸ್ಮಿಕ್ ಹಾರರ್ ರೆಕಮೆಂಡ್ ಮಾಡ್ರಿ" ಎಂದು ನಮ್ಮ ಓದುಗರ ಗ್ರೂಪಿನಲ್ಲಿ ನೀವು ಕೇಳುತ್ತಲೇ ಇರುತ್ತೀರಿ. ನಾನು ಉತ್ತರ ಬರೆಯದೆ ಫೋನನ್ನು ಬೋರಲು ಹಾಕುತ್ತೇನೆ. ಕಾರಣ, ಹೋದ ಏಪ್ರಿಲ್‌ನಲ್ಲಿ ಐನಾಪುರದ ಒಂದು ದ್ರಾಕ್ಷಿ ತೋಟದಲ್ಲಿ ನಡೆದದ್ದು. ಒಂದಕ್ಷರ ಕಟ್ಟಿ ಹೇಳಿದರೂ ನನ್ನ ಕಾನ್ವೆಂಟಿನ ಸಿಸ್ಟರ್‌ಗಳು ಗೋರಿಯಿಂದೆದ್ದು ಬಂದು ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆದಾರು.

ಆ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಸುಲೋಚನಾ ನನ್ನ ಪಕ್ಕದ ಮಂಚದವಳು. ಡಿಯರ್ ಸುಲೂ... ಜೀವನವಿಡೀ ಗುಟ್ಟಾಗಿ ಒಂದೇ ನೋಟ್‌ಬುಕ್ಕಿನಲ್ಲಿ ಕಥೆ ಬರೆದಳು. ದೆವ್ವದ ಕಥೆಗಳಲ್ಲ. ದೆವ್ವಕ್ಕೆ ನಮ್ಮ ಮೇಲೆ ಸಿಟ್ಟಾದರೂ ಇರುತ್ತದೆ. ಅವಳು ಬರೆದದ್ದು, ನಾವು ಇದ್ದೇವೆಂಬುದೇ ಗೊತ್ತಿಲ್ಲದ ಯಾವುದೋ ದೊಡ್ಡದರ ಬಗ್ಗೆ.

ಕೊನೆಗೆ ಅದನ್ನು ಓದಲು ನನಗೊಬ್ಬಳಿಗೇ ಕೊಟ್ಟಳು. ಓದಿ ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸಂಕಟ ತಾಳದೆ, ಸುಲೂಳನ್ನು ಕೇಳದೆಯೇ, ನಮ್ಮ ಓದುಗರ ಗ್ರೂಪಿನ ಮಾಲತಿಬಾಯಿಗೆ ಆ ನೋಟ್‌ಬುಕ್ ಕೊಟ್ಟೆ. "ಮಸ್ಟ್ ರೀಡ್" ಎಂದೆ.

ಮಾಲತಿಬಾಯಿಗೆ ಐನಾಪುರದಲ್ಲಿ ದ್ರಾಕ್ಷಿ ತೋಟ, ಮನೂಕ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡು. ಒಣಗಿದ ಮನೂಕಕ್ಕೆ ಬಂಗಾರದ ಬಣ್ಣ ಬರಲೆಂದು ಮುಚ್ಚಿದ ಕೋಣೆಯಲ್ಲಿ ಗಂಧಕದ ಹೊಗೆ ಕೊಡುತ್ತಾರೆ. ಗಂಧಕ ಹೊತ್ತಿಕೊಳ್ಳಲು ಒಣ ಕಾಗದ ಬೇಕು.

"ಆ ಹಳೇ ವಹಿ ಏನ್ರಿ? ಗಂಧಕಕ್ಕ ಹಚ್ಚಿಬಿಟ್ನಿ!" ಎಂದು ನಕ್ಕಳು. "ಬಣ್ಣ ಹ್ಯಾಂಗ್ ಬಂದೈತಿ ನೋಡ್ರಿ ಟೀಚರ್! ಇಂಗ್ಲಿಷ್ ಕಲತವರ ಕಾಗದದ ಕಿಮ್ಮತ್ತೇ ಬ್ಯಾರೆ." ಒಂದು ಡಬ್ಬಿ ಮನೂಕವನ್ನು ಕೈಗಿಟ್ಟಳು ಬೇರೆ.

ಆಗ ಸುಲೂ ಚಿಕ್ಕೋಡಿಯ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ನೋಡಲು ಹೋದಾಗ ಕೇಳಿದಳು.

"ನನ್ನ ವಹಿ ಎಲ್ಲೈತಿ ಬೇ?"

"ನನ್ನ ಕಪಾಟಿನ್ಯಾಗ ಸೇಫ್ ಐತಿ, ಸುಲೂ."

ಮೂರನೇ ದಿನ ಹೋಗಿಬಿಟ್ಟಳು. ನನ್ನ ಸುಳ್ಳನ್ನು ನಂಬಿಕೊಂಡೇ ಹೋದಳು.

ಸೀಸನ್ನಿನಲ್ಲಿ ಮಾಲತಿಬಾಯಿ ಶೆಡ್ಡಿನ ಮುಂದೆ ಬಯಲಲ್ಲೇ, ನಕ್ಷತ್ರಗಳ ಕೆಳಗೆ ಮಂಚ ಹಾಕಿ ಮಲಗುತ್ತಾಳೆ. "ಚಿಕ್ಕಿ ನೋಡ್ಕೋಂತ ಮಲಗೂ ಸುಖ ಅರಮನ್ಯಾಗೂ ಇಲ್ರಿ" ಎನ್ನುವುದು ಅವಳ ಜಂಬ. ಆ ಸುಖವನ್ನು ಕಿತ್ತುಕೊಳ್ಳಬೇಕು ಎಂದು ನಿಶ್ಚಯಿಸಿದೆ. ಹೌದು, ಪ್ಲೇನ್ ರಿವೆಂಜ್. ಸುಟ್ಟ ಕಥೆಯೊಂದು ನನಗೆ ಬಾಯಿಪಾಠವಿತ್ತು. ಅದನ್ನೇ ಅವಳಿಗೆ ಹೇಳುವುದು.

ಅಥಣಿಯಿಂದ ಸಂಜೆಯ ಬಸ್ಸು ಹಿಡಿದೆ. ತೋಟ ತಲುಪುವಾಗ ಕತ್ತಲಾಗಿತ್ತು. ಗಂಧಕದ ಘಾಟು ಮೂಗಿಗೆ ಕಟ್ಟಿತು... ಶೆಡ್ಡಿನ ಬಲೆಗಳ ಮೇಲೆ ಹೊಸ ಮನೂಕ ಒಣಗಿ ಸುಕ್ಕುಗಟ್ಟಿತ್ತು. ಮಾಲತಿಬಾಯಿ ಮಂಚದ ಮೇಲೆ ಅಂಗಾತ ಮಲಗಿದ್ದಳು.

"ಬರ್ರಿ ಟೀಚರ್. ವಹಿ ಸಲುವಾಗಿ ಜಗಳಾಡಾಕ ಬಂದ್ರೇನು?"

"ಛೇ. ಕಥಿ ಹೇಳಾಕ ಬಂದೀನಿ."

ಹೇಳತೊಡಗಿದೆ. ಆಕಾಶ ಎನ್ನುವುದು ಒಂದು ಬಾವಿಯ ಬಾಯಿ. ನಾವು ಅದರ ತಳದ ಕೆಸರಿನಲ್ಲಿರುವ ಹುಳುಗಳು. ಮೇಲೆ ಯಾರೋ ಆಗಾಗ ನೀರು ಸೇದಲು ಬರುತ್ತಾರೆ. ಅವರಿಗೆ ಬೇಕಾದದ್ದು ನೀರು. ಕೊಡದಲ್ಲಿ ಯಾವ ಹುಳು ಬಂತು ಎಂದು ಅವರು ನೋಡುವುದಿಲ್ಲ...

"ಅಯ್ಯ, ಇಷ್ಟ ಏನ್ರಿ? ನಮ್ಮ ಮೊಮ್ಮಕ್ಕಳೂ ಅಂಜಂಗಿಲ್ಲ," ಎಂದಳು.

ಕಿರ್ರ್... ಕಿರ್ರ್...

ಒಣಗಿದ ರಾಟೆ ತಿರುಗುವ ಸಪ್ಪಳ. ನನಗೆ ನಗು ಬಂತು. ಕಥೆಗೆ ಎಂಥ ಟೈಮಿಂಗ್! ಮಾಲತಿಬಾಯಿ ಮಾತ್ರ ಎದ್ದು ಕುಳಿತಳು.

"ಟೀಚರ್, ಏನ್ರಿ ಅದು?"

"ನಿಮ್ಮ ಬಾವಿ ರಾಟಿ ಅಲ್ಲೇನು?"

"ನಮ್ಮ ಬಾವಿಗೆ ರಾಟಿ ಎಲ್ಲೈತ್ರಿ! ಮೋಟರ್ ಕೂಡಿಸಿ ಮೂವತ್ತು ವರ್ಷ ಆತು."

ಸಪ್ಪಳ ಬಾವಿಯ ಕಡೆಯಿಂದ ಬರುತ್ತಿರಲಿಲ್ಲ. ನೆತ್ತಿಯ ಮೇಲಿಂದ ಬರುತ್ತಿತ್ತು.

ಗಂಧಕದ ಘಾಟು ಮಾಯವಾಗಿ ಪಾಚಿಯ ತಣ್ಣನೆಯ ವಾಸನೆ ಇಳಿಯಿತು. ಕೆನ್ನೆಗೆ ಒಂದು ಹನಿ ಬಿತ್ತು... ತಲೆ ಎತ್ತಿದೆ. ನಕ್ಷತ್ರಗಳೆಲ್ಲ ಒಂದು ದುಂಡು ಅಂಚಿನೊಳಗೆ ಮಾತ್ರ ಇದ್ದವು. ಅಂಚಿನಾಚೆ ಕಪ್ಪು. ನೋಡನೋಡುತ್ತ ಒಂದು ಬದಿಯಿಂದ ನಕ್ಷತ್ರಗಳು ಮುಚ್ಚಿಹೋಗತೊಡಗಿದವು. ನಿಧಾನವಾಗಿ. ಬಾವಿಯೊಳಗೆ ಯಾರೋ ಬಗ್ಗಿ ನೋಡಿದ ಹಾಗೆ.

"ಟೀಚರ್... ತಪ್ಪಾತ್ರಿ. ಸಾಕ್ ಮಾಡ್ರಿ, ಕೈ ಮುಗೀತೀನಿ."

ನಾನು ಕಥೆ ನಿಲ್ಲಿಸಿ ಆಗಲೇ ಬಹಳ ಹೊತ್ತಾಗಿತ್ತು.

ಇಬ್ಬರೂ ಮಂಚದ ಕೆಳಗೆ ನುಸುಳಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ಬೆಳಗು ಮಾಡಿದೆವು. ಬೆಳಕಿನಲ್ಲಿ ಶೆಡ್ಡಿಗೆ ಹೋದರೆ ನೆಲ ಒಣಗಿಯೇ ಇತ್ತು. ಆದರೆ ಬಲೆಗಳ ಮೇಲಿನ ಮನೂಕ, ಹದಿನೈದು ದಿನ ಒಣಗಿದ್ದು, ಪೂರ್ತಿ ಉಬ್ಬಿ ಹಸಿ ದ್ರಾಕ್ಷಿಯಾಗಿತ್ತು. ಒಂದನ್ನು ಹಿಚುಕಿದೆ. ಒಳಗೆ ಇದ್ದದ್ದು ರಸವಲ್ಲ, ನೀರು.

ಮಾಲತಿಬಾಯಿ ಈಗ ನಿಪ್ಪಾಣಿಯ ಮಗನ ಮನೆಯಲ್ಲಿದ್ದಾಳೆ. ತಲೆಯ ಮೇಲೆ ಮೂರಂತಸ್ತು ಇದ್ದರೂ ಮಂಚದ ಅಡಿಯಲ್ಲೇ ಮಲಗುತ್ತಾಳಂತೆ. ಬಯಲಿಗೆ ಬರುವುದೇ ಇಲ್ಲ. ನಾಲ್ಕು ದಿನ ನನಗೆ ಪರಮ ತೃಪ್ತಿ. ಸುಲೂಳ ಫೋಟೋಗೂ ಹೇಳಿದೆ.

ಐದನೆಯ ರಾತ್ರಿ ಅಥಣಿಯ ನನ್ನ ಕೋಣೆಯಲ್ಲಿ, ಕಾಂಕ್ರೀಟ್ ಸ್ಲ್ಯಾಬಿನ ಕೆಳಗೆ, ಅದೇ ಸಪ್ಪಳ ಕೇಳಿತು. ಅಂದಿನಿಂದ ಪ್ರತಿ ರಾತ್ರಿಯೂ. ನೋಟ್‌ಬುಕ್ ಸುಟ್ಟವಳು ಯಾರು, ಕೇಳದೆ ಕೊಟ್ಟವಳು ಯಾರು... ಮೇಲಿನದಕ್ಕೆ ಅದೆಲ್ಲ ಎಲ್ಲಿ ಗೊತ್ತು?

ನಿನ್ನೆ ಮಾಲತಿಬಾಯಿಯ ಫೋನ್ ಬಂತು. ದನಿಯಲ್ಲಿ ಜೀವವಿರಲಿಲ್ಲ.

"ಟೀಚರ್, ಖರೇ ಹೇಳ್ರಿ... ನಿಮಗೂ ಕೇಳಸ್ತೈತೇನು? ಇಬ್ಬರಿಗೂ ಅಂದ್ರ ಒಂದೀಟು ಧೈರ್ಯ ಬರ್ತೈತ್ರಿ."

"ಇಲ್ಲ ಬಾಯಿ," ಎಂದೆ. "ನಿಮಗಷ್ಟೇ."

ಫೋನ್ ಇಟ್ಟು, ಮೇಲಿಂದ ಹನಿ ಬಿದ್ದು ತೊಯ್ದ ದಿಂಬನ್ನು ಮಗುಚಿ ಹಾಕಿಕೊಂಡೆ.