ಹುಣಸೆಹಣ್ಣಿನಲ್ಲಿ ಉಜ್ಜಿದ ಕೈ

ಬೆಟ್ಟದಪುರದಲ್ಲಿ ಹೊಗೆಸೊಪ್ಪು ಕಡ್ಡಿಗೆ ಕಟ್ಟೋದು ನನ್ನ ಕೆಲಸ. ಹಸಿ ಸೊಪ್ಪಿನ ಅಂಟು ಹತ್ತಿದರೆ ಅಂಗೈ ಕಪ್ಪಾಗುತ್ತೆ, ಸೋಪಿಗೆ ಹೋಗಲ್ಲ. ನಮ್ಮಕ್ಕನ ಮಗಳು ಮೈಸೂರಿನ ಪ್ರೈವೇಟ್ ಯೂನಿವರ್ಸಿಟೀಲಿ ಓದ್ತಾಳೆ. ರಜೇಲಿ ಸೊಪ್ಪು ಮುರಿದಿದ್ದವಳು, ಪರೀಕ್ಷೆ ದಿನ ನಾಚಿಕೊಂಡು ಕೈಯನ್ನ ಹುಣಸೆಹಣ್ಣಿನಲ್ಲಿ ಉಜ್ಜಿಕೊಂಡು ಹೋದಳು. ಕರೆ ಅರ್ಧ ಉಳೀತು. ಅಂಗೈಯಲ್ಲಿ ಉತ್ತರ ಬರೆದು ಅಳಿಸಿದ್ದಾಳೆ ಅಂತ, ಪರೀಕ್ಷೆಯವರು ಒಂದು ಮಾತೂ ಕೇಳದೆ ಒಂದು ವರ್ಷ ಡಿಬಾರ್ ಮಾಡಿದರು.

ಕೇಳದೆ ಶಿಕ್ಷೆ ಹೆಂಗೆ ಕೊಟ್ರಿ ಅಂತ ಕೇಳೋಕೆ ಅವಳ ಜೊತೆ ನಾನೂ ಹೋದೆ. ಪರೀಕ್ಷಾ ವಿಭಾಗದ ಸಾಹೇಬರು, "ಇದು ಪ್ರೈವೇಟ್ ಕಣಮ್ಮ, ನಮ್ಮ ರೂಲ್ಸೇ ಬೇರೆ" ಅಂದರು.

"ಆ ರೂಲ್ಸನ್ನೇ ಓದಿ ಸ್ವಾಮಿ" ಅಂದೆ.

ಹುಡುಗಿ ಅವರೇ ಕೊಟ್ಟಿದ್ದ ರೂಲ್ಸ್ ಪುಸ್ತಕ ತೆಗೆದು ಓದಿದಳು: ವಿದ್ಯಾರ್ಥಿಯ ಮಾತು ಕೇಳದೆ ಶಿಕ್ಷೆ ಕೊಡುವಂತಿಲ್ಲ. ಸಾಹೇಬರು ಕನ್ನಡಕ ಹಾಕಿಕೊಂಡು ತಾವೂ ಓದಿದರು. "ಸರಿ, ಹೇಳಮ್ಮ" ಅಂದರು.

ಅವಳು ಸೊಪ್ಪಿನ ಕರೆ ಅಂದಳು. ಅವರು ನಂಬದೆ ನಕ್ಕರು. ನಾನು ಎರಡೂ ಅಂಗೈ ಮೇಜಿನ ಮೇಲಿಟ್ಟೆ.

"ನಾನ್ಯಾವ ಪರೀಕ್ಷೆ ಬರೆದೆ, ಹೇಳಿ."

ಶಿಕ್ಷೆ ಅವತ್ತೇ ರದ್ದಾಯ್ತು. ರದ್ದು ಮಾಡಿದ ಕಾಗದ ಕೈಗೆ ಬರೋವರೆಗೂ ನಾವು ಕುರ್ಚಿ ಬಿಡಲಿಲ್ಲ.

ಮೊನ್ನೆ ಮುಂದಿನ ಪರೀಕ್ಷೆಗೆ ಹೊರಟಳು. ಹುಣಸೆಹಣ್ಣಿನ ಡಬ್ಬ ಅವಳ ಕೈಗೆ ಸಿಗದ ಹಾಗೆ ನಾನೇ ಎತ್ತಿಟ್ಟಿದ್ದೆ.