ಹೋದ ತಿಂಗಳ ಕಂಠಪ್ಪ

ಭೇರ್ಯದ ಕಂಠಪ್ಪ ಮೈಸೂರಿಗೆ ಹೋಗಿ ಇಂಟರ್‌ಮೀಡಿಯೆಟ್ ಓದಿದ್ದು ಒಂದೇ ವರ್ಷ. ಪರೀಕ್ಷೆಯಲ್ಲಿ ಬಿದ್ದು ಬರುವಾಗ ಗ್ರೀಕರ ತತ್ವಜ್ಞಾನದ ಒಂದು ಚೂರನ್ನು ಕಚ್ಚಿಕೊಂಡು ಬಂದಿದ್ದ. ಒಂದೊಂದೇ ಹಲಗೆ ಬದಲಾದ ಹಡಗು ಹಳೆಯ ಹಡಗೇ? ದಿನವೂ ಬೆಳೆಯುವ, ಸವೆಯುವ ಮನುಷ್ಯ ನಿನ್ನೆಯವನೇ? ಆ ದೇಶದ ಹಿರಿಯರು ನಿದ್ದೆಗೆಟ್ಟು ಕೇಳಿಕೊಂಡ ಪ್ರಶ್ನೆ ಅದು. ಕಂಠಪ್ಪನಿಗೆ ಮಾತ್ರ ಮೈಗಳ್ಳತನಕ್ಕೆ ಹೊದೆಯುವ ಶಾಲಾಯಿತು. ಮೀಸೆ ನರೆತರೂ ಅವನ ವಿದ್ಯೆ ಅಲ್ಲಿಂದ ಮುಂದೆ ಹೋಗಲಿಲ್ಲ.

ಐವತ್ತೈದನೆಯ ಇಸವಿಯ ಶ್ರಾವಣದಲ್ಲಿ ನೆರೆಮನೆಯ ಪುಟ್ಟಮಲ್ಲಮ್ಮನ ಪೈರು ಒಟ್ಲಿನ ಸಸಿಮಡಿಯಲ್ಲೇ ಬಲಿಯತೊಡಗಿತ್ತು. ಗಂಡನಿಲ್ಲದ ಅವಳಿಗೆ ಇದ್ದದ್ದು ಅದೊಂದೇ ಗದ್ದೆ. ಇನ್ನೂ ತಡವಾದರೆ ನೆಟ್ಟು ಫಲವಿಲ್ಲ, ವರ್ಷದ ಅನ್ನ ಹೋದಂತೆಯೇ. ಹಿಂದಿನ ತಿಂಗಳು ಅವಳೂ ಅವಳ ಹೆಣ್ಣುಮಕ್ಕಳೂ ಕಂಠಪ್ಪನ ಗದ್ದೆಗೆ ಮುಯ್ಯಾಳಾಗಿ ಹೋಗಿ ನಾಟಿ ಮಾಡಿಕೊಟ್ಟಿದ್ದರು. ಮುಯ್ಯಿಗೆ ಕೂಲಿಯಿಲ್ಲ, ಆಳಿಗೆ ಆಳು ಬರಬೇಕು, ಗದ್ದೆಯವರು ಊಟ ಇಕ್ಕಬೇಕು.

ಬೆಳಿಗ್ಗೆ ಅವಳು ಹೋದಾಗ ಕಂಠಪ್ಪ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದ.

"ನಾಟಿಗೆ ಬನ್ರಪ್ಪಾ. ಪೈರು ಬಲೀತಾ ಅದೆ."

"ಪುಟ್ಟಮಲ್ಲಕ್ಕ, ಮುಯ್ಯಿ ಕಟ್ಟಿಸ್ಕಂಡೋನು ಹೋದ್ ತಿಂಗಳ ಕಂಠಪ್ಪ. ಅವನ ರಕ್ತಮಾಂಸವೆಲ್ಲ ಬದಲಾಗೋಯ್ತು. ನಾನು ಬ್ಯಾರೆಯೋನು. ಗ್ರೀಕರು ಯೋಳವ್ರೆ."

"ಅವರ್ನೂ ಕರ್ಕಂಡ್ ಬಾ ಅಂಗಾರೆ. ಆಳು ಸಾಲ್ದು."

"ನಿನಗೆ ತಿಳಿಯಾಕಿಲ್ಲ ಬುಡು. ನಮ್ಮನೇಲಿ ಇವತ್ತು ಕಬ್ಬಿನ ಕಳೆ ತೆಗೀಬೇಕು."

ಒಳಗಿಂದ ಅವನ ಹೆಂಡತಿ ಸರ್ವಮಂಗಳ ಸೆರಗು ಸಿಕ್ಕಿಸುತ್ತ ಬಂದಳು. "ನಡೀರಕ್ಕ. ನಾನು ಹೋದ್ ತಿಂಗಳೋಳೇ, ಬತ್ತೀನಿ."

"ಲೇ, ನನಗೆ ಊಟ?" ಎಂದ ಕಂಠಪ್ಪ.

"ಕೈಹಿಡಿದೋರು ಬರ್ಲಿ, ಇಕ್ತೀನಿ. ಗುರುತಿಲ್ಲದ ಗಂಡಸಿಗೆ ಎಂಗ್ರೀ ಇಕ್ಲಿ?"

ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ ನಡೆದೇಬಿಟ್ಟಳು.

ಹೆಂಗಸರು ಸೊಂಟ ಬಗ್ಗಿಸಿ ನೆಡುತ್ತಿದ್ದರೂ ಪೈರಿನ ಕಟ್ಟು ಹೊತ್ತು ತರುವವರಿಲ್ಲದೆ ಕೆಲಸ ಕುಂಟುತ್ತಿತ್ತು. ಸಂಜೆಯೊಳಗೆ ಮುಗಿಯುವುದೇ ಎಂದು ಪುಟ್ಟಮಲ್ಲಮ್ಮ ಮತ್ತೆ ಮತ್ತೆ ಹೊತ್ತು ನೋಡುತ್ತಿದ್ದಳು. ಮಧ್ಯಾಹ್ನ ಮುದ್ದೆಯ ಕುಕ್ಕೆ ಬದುವಿಗೆ ಬಂದ ಹೊತ್ತಿಗೆ, ತಲೆಗೆ ಟವಲು ಹಾಕಿಕೊಂಡು ಒಬ್ಬ ಬಂದು ನಿಂತ. ಮೂಗು ಕುಕ್ಕೆಯ ಕಡೆಗೇ ಇತ್ತು.

"ಮುಯ್ಯಾಳಿಗಷ್ಟೇ ಊಟ. ನೀನ್ಯಾರಪ್ಪ?" ಎಂದಳು ಪುಟ್ಟಮಲ್ಲಮ್ಮ.

ಅವನು ಹೆಂಡತಿಯ ಕಡೆ ನೋಡಿದ. ಅವಳು ಸಾರು ಸುರಿದುಕೊಳ್ಳುತ್ತಿದ್ದಳು.

"ನಾನೇ ಕಣಕ್ಕ. ಕಂಠಪ್ಪ."

"ಯಾವ ಕಂಠಪ್ಪ?"

ಗ್ರೀಕರ್ಯಾರೂ ನೆರವಿಗೆ ಬರಲಿಲ್ಲ.

"ಹೋದ್ ತಿಂಗಳೋನೇ," ಎಂದ, ನೆಲ ನೋಡುತ್ತ.

"ಅಂಗಾರೆ ಮೊದ್ಲು ಕಟ್ಟು ಹೊರು. ಆಮ್ಯಾಕೆ ಮುದ್ದೆ."

ಕಂಠಪ್ಪ ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದ. ಹೊತ್ತು ಮುಳುಗುವ ಮುಂಚೆ ಪುಟ್ಟಮಲ್ಲಮ್ಮನ ಗದ್ದೆಯ ಕೊನೆಯ ಮೂಲೆಯೂ ಹಸಿರಾಯಿತು.